ನಾಲ್ಕನೇ ಬೆಲ್ಟಿನ ನಾಯಕಿ

ಮಂಡಿ ಮೊಹಲ್ಲಾದಲ್ಲಿದ್ದ ಸದಾಶಿವಯ್ಯನವರ ರೇಷ್ಮೆ ಹುರಿ ಕಾರ್ಖಾನೆಗೆ ಸಿದ್ದಮಲ್ಲಪ್ಪ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಅದಕ್ಕೂ ಬಹಳ ಹಿಂದೆ, ಹದಿನಾಲ್ಕನೇ ವಯಸ್ಸಿನಿಂದ ಹನ್ನೊಂದು ವರ್ಷ, ಅವನು ಒಂದು ನಾಟಕದ ಕಂಪನಿಯಲ್ಲಿ ಹೆಣ್ಣಾಗಿದ್ದ. ಇದನ್ನು ಅವನು ಮುಚ್ಚಿಟ್ಟವನಲ್ಲ. ಹೇಳಿಕೊಂಡು ತಿರುಗಿದವನೂ ಅಲ್ಲ. ಯಾರಾದರೂ ಕೇಳಿದರೆ, "ಹೂಂ, ಇದ್ದೆ. ಆಮೇಲೆ ಮೀಸೆ ಬಂತು," ಎನ್ನುತ್ತಿದ್ದ.

ಕಂಪನಿ ತಿಪಟೂರಿನಲ್ಲಿ ಮುಳುಗಿತು. ಗಾಳಿಗೆ ಡೇರೆ ಹರಿದುಹೋದ ಮೇಲೆ ಮಾಲೀಕರು ಎಲ್ಲರನ್ನೂ ಕೂರಿಸಿ ಉಳಿದದ್ದನ್ನು ಹಂಚಿದರು. ರಾಜನ ಪಾತ್ರದವನಿಗೆ ಸಿಂಹಾಸನ ಬಂತು. ಹಾರ್ಮೋನಿಯಂ ನುಡಿಸುವವನಿಗೆ ರಾಜಬೀದಿಯ ಪರದೆ ಬಂತು; ಚಳಿಯಿದ್ದುದರಿಂದ ಅವನು ಅದನ್ನು ಹೊದ್ದುಕೊಂಡೇ ರೈಲು ಹತ್ತಿದ. ಸಿದ್ದಮಲ್ಲಪ್ಪನ ಪಾಲಿಗೆ ಬಂದದ್ದು ಮೊಣಕಾಲುದ್ದದ ಒಂದು ಚೌರಿ. ಯಾವ ಊರಿನ ಯಾವ ಹೆಂಗಸರು ಬಾಚಿ ಬಿಟ್ಟ ಕೂದಲೋ, ನಾಯಕಿಯ ಜಡೆಯಾಗಿ ಹನ್ನೊಂದು ವರ್ಷ ಅವನ ಬೆನ್ನ ಮೇಲೆ ತೂಗಿತ್ತು. ಅದನ್ನು ಬೇವಿನೆಲೆಯ ಜೊತೆ ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮೈಸೂರಿಗೆ ಬಂದ. ಮೀಸೆ ಬಿಟ್ಟ, ಪಾರ್ವತಮ್ಮನನ್ನು ಮದುವೆಯಾದ. ಸಿಕ್ಕ ಸಿಕ್ಕ ಕೆಲಸಗಳನ್ನೆಲ್ಲ ಮಾಡಿ ಕಡೆಗೆ ಎಣ್ಣೆ ಡಬ್ಬಿ ಹಿಡಿದ.

ಕಂಪನಿಯಲ್ಲಿದ್ದಷ್ಟು ಕಾಲ ಅವನಿಗೆ ಸಿಗದೇ ಹೋದದ್ದು ಒಂದೇ, ಬೆಳ್ಳಿ ಪದಕ. ಆಗಿನ ಪದ್ಧತಿ ಏನೆಂದರೆ, ಆಟ ಮೆಚ್ಚಿದ ದೊಡ್ಡ ಮನುಷ್ಯರು ನಡುವೆಯೇ ಎದ್ದುನಿಂತು ಇನಾಮು ಕೊಡುವುದು. ಆಟ ನಿಲ್ಲುತ್ತಿತ್ತು. ಮ್ಯಾನೇಜರು ಪರದೆಯ ಮುಂದೆ ಬಂದು ಕೊಟ್ಟವರ ಹೆಸರು, ಊರು, ಬಿರುದು, ಕೊಟ್ಟ ವಸ್ತು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಸತ್ತು ಬಿದ್ದಿದ್ದ ಪಾತ್ರ ಎದ್ದು ಕೈಮುಗಿದು, ಚಪ್ಪಾಳೆ ಮುಗಿದ ಮೇಲೆ ಮತ್ತೆ ಸಾಯುತ್ತಿತ್ತು. ಕೊಡಲು ಅನುಮಾನಿಸುವ ಸಾಹುಕಾರರಿದ್ದರೆ, ಅವರು ಕೊಡುವ ಮೊದಲೇ ಮ್ಯಾನೇಜರು ಓದಿಬಿಡುತ್ತಿದ್ದರು. ಸಭೆಯ ಮುಂದೆ ಓದಿಯಾದ ಮೇಲೆ ಇಲ್ಲ ಎಂದವರು ಒಬ್ಬರೂ ಇಲ್ಲ. ಆದರೆ ಪದಕಗಳೆಲ್ಲ ಹೋಗುತ್ತಿದ್ದದ್ದು ನಾಯಕನ ಎದೆಗೆ. ನಾಯಕಿಗೆ ಕೆಲವು ಸಲ ರವಿಕೆಯ ಖಣ ಬರುತ್ತಿತ್ತು.

ಹುರಿ ಕಾರ್ಖಾನೆಯ ಕೆಲಸ ನೋಡಲು ಶಾಂತವಾದದ್ದು. ರೇಷ್ಮೆಯ ಲಡಿಯಿಂದ ಎಳೆ ಬಿಡಿಸಿ ಉರುಳೆಗೆ ಸುತ್ತುವುದು, ಆಮೇಲೆ ಎರಡೆರಡು ಎಳೆ ಸೇರಿಸಿ ಹುರಿ ಮಾಡುವುದು. ಸುತ್ತುವವರೆಲ್ಲ ಹೆಂಗಸರು. ಬೆಳಗಿನ ಬಿಸಿಲು ಹೆಂಚಿನ ಸಂದಿಯಿಂದ ಇಳಿದಾಗ ಕಾಣದಷ್ಟು ಸಣ್ಣ ಎಳೆಗಳು ಗಾಳಿಯಲ್ಲೇ ಹೊಳೆಯುತ್ತಿದ್ದವು. ಆದರೆ ತಲೆಯ ಮೇಲೆ, ಮಾಡಿನ ಉದ್ದಕ್ಕೂ, ಒಂದು ಕಬ್ಬಿಣದ ಶಾಫ್ಟು ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತಿತ್ತು. ಅದರಿಂದ ಆರು ಚರ್ಮದ ಬೆಲ್ಟುಗಳು ಕೆಳಗಿನ ಆರು ಯಂತ್ರಗಳಿಗೆ ಇಳಿದಿದ್ದವು. ಅವಕ್ಕೆ ಮರೆಯಿರಲಿಲ್ಲ. ಹೆಂಗಸರು ಅವುಗಳ ಪಕ್ಕದಲ್ಲೇ ಕೂತು, ಪಕ್ಕದಲ್ಲೇ ಎದ್ದು, ಪಕ್ಕದಲ್ಲೇ ಓಡಾಡುತ್ತಿದ್ದರು. ಎಲ್ಲಕ್ಕೂ ಒಂದೇ ಮೋಟಾರು. ಅದನ್ನು ನಿಲ್ಲಿಸುವ ಸ್ವಿಚ್ಚು ಹಿತ್ತಲಿನ ಬೇರೆ ಕೋಣೆಯಲ್ಲಿತ್ತು.

ಐವತ್ಮೂರನೇ ಇಸವಿಯಲ್ಲಿ ನಾಲ್ಕನೇ ಬೆಲ್ಟು ಮಂಗಳಮ್ಮನ ಸೆರಗನ್ನು ಹಿಡಿಯಿತು. ಸೆರಗಿನ ಹಿಂದೆ ಬಲಗೈಯೂ ಹೋಯಿತು. ಆಗ ಸಿದ್ದಮಲ್ಲಪ್ಪ ಏಣಿಯ ಮೇಲಿದ್ದ. ಒಂಬತ್ತು ಮೆಟ್ಟಿಲು ಇಳಿದು, ಅಂಗಳ ದಾಟಿ, ಸ್ವಿಚ್ಚು ಎಳೆದು ಬರುವ ಹೊತ್ತಿಗೆ ಆಗಬೇಕಾದದ್ದು ಆಗಿತ್ತು. ಮೂಳೆ ಕೂಡಿಕೊಂಡಿತು, ಕೈ ಮಾತ್ರ ನೆಟ್ಟಗಾಗಲಿಲ್ಲ. ಅವಳು ಈಗ ಮೂಲೆಯಲ್ಲಿ ಕೂತು ಎಡಗೈಯಿಂದ ತುಂಡುದಾರ ಆಯುತ್ತಿದ್ದಳು.

ಬೆಲ್ಟುಗಳಿಗೆ ತಂತಿಯ ಜಾಲರಿ ಹಾಕಿಸಿ ಎಂದು ಸಿದ್ದಮಲ್ಲಪ್ಪ ಅಂದಿನಿಂದ ಕೇಳುತ್ತಲೇ ಬಂದಿದ್ದ. ಸದಾಶಿವಯ್ಯನವರು "ನೋಡೋಣ" ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ದೇವರಿಗೂ ನಾಟಕಕ್ಕೂ ಸಂಬಂಧಪಡದ ಯಾವ ಕೆಲಸವೂ ಅವರಿಗೆ ಅವಸರದ್ದೆಂದು ತೋರುತ್ತಿರಲಿಲ್ಲ, ಅಷ್ಟೆ. ಎರಡು ವರ್ಷ ನೋಡಿದರು.

ಐವತ್ತೈದರ ಬೇಸಿಗೆಯಲ್ಲಿ ಸಿದ್ದಮಲ್ಲಪ್ಪನ ಮಗಳು ಪ್ರೇಮಲೀಲಾ ಅದೇ ಕಾರ್ಖಾನೆಗೆ ಸುತ್ತುವ ಕೆಲಸಕ್ಕೆ ಸೇರಿದಳು. ಖಾಲಿಯಿದ್ದ ಜಾಗ ಒಂದೇ. ನಾಲ್ಕನೇ ಬೆಲ್ಟಿನ ಪಕ್ಕದ್ದು.

ಪ್ರೇಮಲೀಲಾಗೆ ಹದಿನೇಳು ವರ್ಷ. ಅವಳ ಜಡೆ ಸೊಂಟ ದಾಟಿತ್ತು.

"ತುರುಬು ಕಟ್ಕೊಂಡು ಹೋಗಮ್ಮ," ಎಂದು ಸಿದ್ದಮಲ್ಲಪ್ಪ ಮೊದಲ ದಿನವೇ ಹೇಳಿದ.

"ತುರುಬು ಕಟ್ಟೋಕೆ ನಾನೇನು ಅಜ್ಜೀನಾ?"

"ಸೆರಗನ್ನಾದ್ರೂ ಸೊಂಟಕ್ಕೆ ಸಿಕ್ಸು."

"ಸಿಕ್ಸಿದ್ದೀನಲ್ಲಪ್ಪಾ."

"ಜಡೆ?"

"ಜಡೇನೂ ಸೊಂಟಕ್ಕೆ ಸಿಕ್ಸೋಕಾಗ್ತದಾ?" ಎಂದು ಅವಳು ಹೊರಟಳು. ಅವನು ಎಣ್ಣೆ ಡಬ್ಬಿ ಹಿಡಿದು ಹತ್ತು ಹೆಜ್ಜೆ ಹಿಂದೆ ನಡೆದ. ಅಂದಿನಿಂದ ನಾಲ್ಕನೇ ಬೆಲ್ಟಿನ ಬೇರಿಂಗಿಗೆ ಬೇಕಾದದ್ದಕ್ಕಿಂತ ಹೆಚ್ಚು ಎಣ್ಣೆ ಬೀಳತೊಡಗಿತು. ಅವನ ಏಣಿ ದಿನದ ಬಹುಪಾಲು ಅಲ್ಲೇ ಒರಗಿರುತ್ತಿತ್ತು.

ಆ ವರ್ಷವೇ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು ಬಂದರು. ತೆಳ್ಳಗಿನ ಮನುಷ್ಯ, ಕೊಟ್ಟ ಕಾಫಿಯನ್ನು ಆರಲು ಬಿಟ್ಟು ಮಂಗಳಮ್ಮನ ಕೈ ನೋಡಿದರು, ಬೆಲ್ಟು ನೋಡಿದರು. ಜಾಲರಿಯ ಮಾತೆತ್ತಿದಾಗ ಸದಾಶಿವಯ್ಯನವರು ನೋಡೋಣ ಎಂದರು. ಹಾಗಾದರೆ ಸದ್ಯಕ್ಕೆ ಕೆಲಸಗಾರರಿಗೆ ತಿಳಿವಳಿಕೆಯನ್ನಾದರೂ ಕೊಡಿ ಎಂದು ಒಂದು ಅಚ್ಚಿನ ಹಾಳೆ ಕೊಟ್ಟು ಹೋದರು.

ಓದುವ ಕೆಲಸ ರೈಟರು ಮಹದೇವಪ್ಪನವರಿಗೆ ಬಂತು. ಮಹದೇವಪ್ಪನವರು ಕಾರ್ಖಾನೆಯ ಕಾಗದಪತ್ರ ನೋಡಿಕೊಳ್ಳುವವರು. ಅವರ ಕಂಠ ಚೆನ್ನಾಗಿತ್ತು, ಯಾವ ಕಾಗದ ಕೊಟ್ಟರೂ ಒಂದಕ್ಷರ ತಪ್ಪದೆ ಓದುತ್ತಿದ್ದರು. ಓದಿದ್ದು ಅವರ ಬಾಯಿಂದ ಹೊರಗೆ ಹೋಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ಮಾವ ತೀರಿಕೊಂಡ ಸುದ್ದಿಯ ಕಾಗದವನ್ನೂ ವಿಳಾಸದಿಂದ ಸಹಿಯವರೆಗೆ ಗಟ್ಟಿಯಾಗಿ ಓದಿ ಮುಗಿಸಿ, ಆಮೇಲೆ "ಯಾರು ಹೋದದ್ದು?" ಎಂದು ಕೇಳಿದ್ದರಂತೆ.

ಅವರು ಒಂದು ಖಾಲಿ ಪೆಟ್ಟಿಗೆಯ ಮೇಲೆ ನಿಂತು ಓದಿದರು. "ನಿಬಂಧನೆ ಮೂರು. ಚಲಿಸುವ ಯಂತ್ರಭಾಗಗಳ ಸಾಮೀಪ್ಯದಲ್ಲಿ ಕಾರ್ಮಿಕರು ಸಡಿಲ ವಸ್ತ್ರಧಾರಣೆಯಿಂದ ವಿರಮಿಸತಕ್ಕದ್ದು."

"ಅಂಗಂದ್ರೇನು ರೈಟ್ರೇ?" ಎಂದು ಕೇಳಿದವನು ಚಿಕ್ಕಣ್ಣ, ಮೂಟೆ ಹೊರುವ ಆಳು.

"ಮುಂದೆ ಬರ್ತದೆ, ಕೇಳಯ್ಯ."

ಮುಂದೆ ಬರಲಿಲ್ಲ. ನಿಬಂಧನೆ ಒಂಬತ್ತರ ಹೊತ್ತಿಗೆ ಹಿಂದಿನ ಸಾಲಿನವರು ಗೋಡೆಗೊರಗಿ ನಿದ್ದೆ ಹೋಗಿದ್ದರು.

ಎರಡು ತಿಂಗಳ ಮೇಲೆ ಇನ್‌ಸ್ಪೆಕ್ಟರು ಮತ್ತೆ ಬಂದು ಚಿಕ್ಕಣ್ಣನನ್ನೇ ನಿಲ್ಲಿಸಿ ಕೇಳಿದರು. "ಬೆಲ್ಟಿನ ಹತ್ತಿರ ಏನು ಮಾಡಬೇಕು?"

"ವಿರಮಿಸ್ತಕ್ಕದ್ದು ಸಾಮಿ."

"ಏನನ್ನ?"

ಚಿಕ್ಕಣ್ಣ ಯೋಚಿಸಿದ. "ತಾವು ಏನೇಳಿದ್ರೆ ಅದನ್ನ."

ಇನ್‌ಸ್ಪೆಕ್ಟರು ಸದಾಶಿವಯ್ಯನವರ ಕಡೆ ತಿರುಗಿದರು. "ಇವರಿಗೆ ಅರ್ಥವಾಗೋ ಹಾಗೆ ಹೇಳಿ ಸ್ವಾಮಿ. ಕಥೆ ಹೇಳಿ, ಹಾಡು ಹೇಳಿ, ಏನಾದರೂ ಮಾಡಿ."

"ನಾಟಕ!" ಎಂದರು ಸದಾಶಿವಯ್ಯನವರು. ಎರಡು ವರ್ಷದಲ್ಲಿ ಅವರು ಒಂದು ವಿಷಯವನ್ನು ಆ ಕ್ಷಣದಲ್ಲೇ ತೀರ್ಮಾನಿಸಿದ್ದು ಅದೇ ಮೊದಲು. ನಮ್ಮ ಎಣ್ಣೆಯವನು ಕಂಪನಿಯಲ್ಲಿದ್ದನಂತೆ ಎಂದು ಯಾರೋ ಹೇಳಿದರು. ಅವನನ್ನು ಕರೆಸಿ ಯಾವ ಕಂಪನಿ, ಯಾವ ಪಾತ್ರ ಎಂದು ವಿಚಾರಿಸಿದರು. ಇಪ್ಪತ್ತಾರನೇ ಇಸವಿಯಲ್ಲಿ ನಂಜನಗೂಡಿನ ಡೇರೆಯಲ್ಲಿ ತಾವು ಮೂರು ದಿನ ಒಂದೇ ಆಟ ನೋಡಿ, ಮೂರು ದಿನವೂ ಅತ್ತದ್ದು ಈ ನಾಯಕಿಗಾಗಿಯೇ ಎಂದು ಅವರಿಗೆ ಆಗ ಗೊತ್ತಾಯಿತು. ಸದಾಶಿವಯ್ಯನವರು ಸಿದ್ದಮಲ್ಲಪ್ಪನ ಮೀಸೆಯನ್ನು ಬಹಳ ಹೊತ್ತು ನೋಡಿದರು.

"ನೀನೇನಾ?" ಎಂದರು.

"ನಾನೇ ಯಜಮಾನ್ರೇ."

"ದಪ್ಪ ಆಗ್ಬುಟ್ಟಿದ್ದೀಯಲ್ಲಯ್ಯ," ಎಂದರು. ದನಿಯಲ್ಲಿ ಸ್ವಲ್ಪ ನೋವಿತ್ತು.

ಸಿದ್ದಮಲ್ಲಪ್ಪ ಒಪ್ಪಿಕೊಂಡದ್ದು ನಾಟಕದ ಆಸೆಗಲ್ಲ. ಅಪ್ಪ ಹೇಳಿದರೆ ಕೇಳದ ಹುಡುಗಿ, ನಾಯಕಿ ಹೇಳಿದರೆ ಕೇಳಿಯಾಳು ಎಂದುಕೊಂಡ. ಅವನು ಮೀಸೆ ಬೋಳಿಸಿಕೊಂಡು ಮನೆಗೆ ಬಂದ ದಿನ ಪಾರ್ವತಮ್ಮ ಬಾಗಿಲಲ್ಲೇ ನಿಂತು ನೋಡಿದಳು.

"ಏನ್ರೀ ಇದು?"

"ಕಾರ್ಖಾನೆ ಕೆಲಸ."

"ಎಣ್ಣೆ ಹಾಕೋಕೆ ಮೀಸೆ ಅಡ್ಡ ಬರ್ತಿತ್ತಾ?"

ಪ್ರೇಮಲೀಲಾ ಒಳಗಿನಿಂದ ಬಂದು, ಅಪ್ಪನ ಮುಖ ನೋಡಿ, ಮತ್ತೆ ಒಳಗೆ ಹೋದಳು. ಆಮೇಲೆ ಒಳಗಿನಿಂದಲೇ ಅವಳ ದನಿ ಬಂತು. "ಅಪ್ಪಾ, ನೀನು ಸೀರೆ ಉಟ್ಕೊಂಡು ಬಂದ್ರೆ ನಾನವತ್ತು ರಜಾ."

"ರಜಾ ಹಾಕಂಗಿಲ್ಲ ಕಣಮ್ಮ. ಅವತ್ತು ಆಯುಧಪೂಜೆ."

ಆಯುಧಪೂಜೆಯ ದಿನ ಮೋಟಾರು ನಿಲ್ಲಿಸಿದ್ದರು. ಯಂತ್ರಗಳನ್ನೆಲ್ಲ ಒರೆಸಿ ವಿಭೂತಿ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಶಬ್ದವಿಲ್ಲದ ಕಾರ್ಖಾನೆ ಬೇರೆ ಯಾರದೋ ಮನೆಯ ಹಾಗಿತ್ತು. ಮಂಗಳಮ್ಮ ಬಲಗೈಯಲ್ಲಿ ಕುಂಕುಮದ ಬಟ್ಟಲು ಹಿಡಿಯಲಾರದೆ ನೆಲದ ಮೇಲಿಟ್ಟು, ಬಾಗಿ ಎಡಗೈ ಬೆರಳಿನಲ್ಲಿ ತೆಗೆದು ನಾಲ್ಕನೇ ಬೆಲ್ಟಿಗೆ ಹಚ್ಚಿದಳು.

"ಅದಕ್ಕ್ಯಾಕಕ್ಕಾ ಪೂಜೆ?" ಎಂದ ಚಿಕ್ಕಣ್ಣ.

"ಅದೂ ದುಡೀತದಲ್ಲಪ್ಪ," ಎಂದಳು.

ಮಂಗಳಾರತಿ ಆದ ಮೇಲೆ ಆಟ ಶುರುವಾಯಿತು. ಎರಡು ಕಂಬಗಳ ನಡುವೆ ಒಂದು ಹಳೆಯ ಗಾಲಿ ಕಟ್ಟಿ, ಹಳೆಯ ಬೆಲ್ಟು ತೊಡಿಸಿದ್ದರು. ಹಿಂದಿನಿಂದ ಅದನ್ನು ತಿರುಗಿಸುವವನು ಚಿಕ್ಕಣ್ಣ, ಬೆಲ್ಟಾಸುರನೂ ಅವನೇ. ನಾಯಕಿಯ ಹೆಸರು ರೇಷ್ಮಾವತಿ. ಹಸಿರು ಸೀರೆ ಉಟ್ಟು, ಚೌರಿ ಮುಡಿದು, ಹೂ ಏರಿಸಿ ಸಿದ್ದಮಲ್ಲಪ್ಪ ಬಂದಾಗ ಮೊದಲು ಎಲ್ಲರೂ ನಕ್ಕರು. ಎರಡು ಹೆಜ್ಜೆ ಇಟ್ಟ ಮೇಲೆ ನಗು ನಿಂತಿತು. ನಲವತ್ತೈದರ ದಪ್ಪ ಮನುಷ್ಯ ಎಲ್ಲಿ ಹೋದನೋ, ನೀರು ತರಲು ಹೊರಟ ಹುಡುಗಿಯ ನಡಿಗೆ ಮಾತ್ರ ಅಲ್ಲಿತ್ತು. ಪ್ರೇಮಲೀಲಾ ರಜೆ ಹಾಕಿರಲಿಲ್ಲ. ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದವಳು ಮೆಲ್ಲಗೆ ಮುಂದೆ ಬಂದು ಕೂತಳು.

ರೇಷ್ಮಾವತಿ ಹಾಡುತ್ತ ಕೆಲಸಕ್ಕೆ ಬಂದಳು. ಹಿರಿಯರ ಮಾತು ಕೇಳದೆ ಜಡೆ ಇಳಿಬಿಟ್ಟಳು. ಬೆಲ್ಟಾಸುರ ಗಹಗಹಿಸಿ ಅವಳನ್ನು ಕರೆದ. ಜಡೆಯ ತುದಿ ಬೆಲ್ಟಿಗೆ ತಾಗಿತು, ಗಾಲಿ ತಿರುಗಿತು, ಮೊಣಕಾಲುದ್ದದ ಜಡೆ ಸರಸರನೆ ಮೇಲೇರಿತು. ರೇಷ್ಮಾವತಿ ಒಂದು ಕೈ ಮೇಲೆತ್ತಿ, ಇನ್ನೊಂದನ್ನು ಎದೆಗಿಟ್ಟು, ಬಳ್ಳಿ ಬಾಗಿದ ಹಾಗೆ ಬಾಗಿ ನೆಲಕ್ಕಿಳಿದಳು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

"ಒನ್ಸ್ ಮೋರ್!"

ಕಂಪನಿಯ ಅನ್ನ ತಿಂದವನಿಗೆ ಆ ಮಾತು ಕೇಳಿದರೆ ಬೇರೆ ದಾರಿಯಿಲ್ಲ. ಸತ್ತ ರೇಷ್ಮಾವತಿ ಎದ್ದು ಕೈಮುಗಿದಳು. ಚಿಕ್ಕಣ್ಣ ಗಾಲಿಯನ್ನು ಹಿಂದಕ್ಕೆ ತಿರುಗಿಸಿ ಚೌರಿ ಬಿಡಿಸಿಕೊಟ್ಟ. ಅವಳು ಅದನ್ನು ಮತ್ತೆ ಮುಡಿದು ಮತ್ತೆ ಸತ್ತಳು. ಮೂರನೆಯ ಸಲಕ್ಕೆ ಸದಾಶಿವಯ್ಯನವರೇ ಕೂಗಿದರು. ಕಡೆಯಲ್ಲಿ ಮಹದೇವಪ್ಪನವರು ಬಂದು, ಆದ್ದರಿಂದ ಜಡೆಯನ್ನು ಕಟ್ಟತಕ್ಕದ್ದು ಎಂದು ಓದಿದರು. ಆಗ ಎಲ್ಲರೂ ಮಾತಾಡುತ್ತಿದ್ದರು.

ವಿಜಯದಶಮಿ ಕಳೆದು ಕಾರ್ಖಾನೆ ತೆರೆದ ದಿನ ಫಲ ಕಾಣಿಸಿತು. ತುರುಬು ಕಟ್ಟುತ್ತಿದ್ದ ಹೆಂಗಸರೂ ಜಡೆ ಇಳಿಬಿಟ್ಟು ಬಂದಿದ್ದರು. ನಾಲ್ಕು ಜನ ಹೂ ಮುಡಿದಿದ್ದರು. ಪ್ರೇಮಲೀಲಾ ಉರುಳೆ ತರಲು ಎದ್ದಾಗ ಅವಳ ನಡಿಗೆ ಬೇರೆಯಾಗಿತ್ತು. ಬೆಲ್ಟಿನ ಹತ್ತಿರ ಬಂದಾಗ ಸೊಂಟವನ್ನು ಸ್ವಲ್ಪ ಹೊರಳಿಸಿ ತಪ್ಪಿಸಿಕೊಳ್ಳುವ ರೀತಿ ರೇಷ್ಮಾವತಿಯಾಗಿದ್ದ ಅಪ್ಪನದೇ. ಗಂಡಸರೆಲ್ಲ ಬೆಲ್ಟಾಸುರನ ಹಾಗೆ ನಗುತ್ತಿದ್ದರು.

ಸಿದ್ದಮಲ್ಲಪ್ಪ ಏಣಿಯನ್ನು ಮೂಲೆಗೆ ತಂದು ಮಂಗಳಮ್ಮನ ಹತ್ತಿರ ನಿಂತ.

"ಆಟ ಎಂಗಿತ್ತು ಮಂಗಳಮ್ಮ?"

ಅವಳು ತುಂಡುದಾರ ಆಯುತ್ತಲೇ ಹೇಳಿದಳು. "ನೀ ಸಿಕ್ಕಾಕ್ಕೊಂಡಾಗ ಎಷ್ಟು ಚೆಂದಾಗಿ ಕಾಣ್ತಿದ್ದೆ ಅಣ್ಣಾ. ನಾ ಸಿಕ್ಕಾಕ್ಕೊಂಡಾಗ ಅಂಗಿರ್ಲಿಲ್ಲ."

ಅವಳು ಕುಹಕವಾಡಲಿಲ್ಲ. ಇದ್ದದ್ದನ್ನು ಹೇಳಿದಳು. ಸಿದ್ದಮಲ್ಲಪ್ಪ ಏಣಿ ಎತ್ತಿಕೊಂಡು ನಾಲ್ಕನೇ ಬೆಲ್ಟಿಗೆ ಹೋದ.

ಆ ವಾರದ ಕೊನೆಯಲ್ಲಿ, ಬೆಳಗ್ಗೆ ಹತ್ತರ ಸುಮಾರಿಗೆ, ಅವನು ಮೇಲೆ ನಿಂತು ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದಾಗ ಕೆಳಗೆ ಪ್ರೇಮಲೀಲಾ ಪಕ್ಕದವಳಿಗೆ ಏನೋ ಹೇಳುತ್ತ ತಲೆ ತಿರುಗಿಸಿದಳು. ಬೆಲ್ಟು ಅವಳ ಜಡೆಯಿಂದ ಮಲ್ಲಿಗೆಯ ಮಾಲೆಯನ್ನು ತೆಗೆದುಕೊಂಡಿತು. ಜಡೆಯನ್ನು ಮುಟ್ಟಲಿಲ್ಲ. ಹೂವನ್ನಷ್ಟೇ, ಬೆರಳಿನಿಂದ ಬಿಡಿಸಿದ ಹಾಗೆ. ಮೊಳದುದ್ದದ ಮಲ್ಲಿಗೆ ಬೆಲ್ಟಿನ ಮೇಲೆ ಕೂತು ಅವನ ಕಣ್ಣೆದುರಿಗೇ ಮೇಲೆ ಬಂತು, ಶಾಫ್ಟಿಗೆ ಸುತ್ತಿಕೊಂಡಿತು, ತಿರುಗಿತು. ಬಿಳಿಯ ಒಂದು ಬಳೆಯ ಹಾಗೆ ಕಂಡಿತು. ಆಮೇಲೆ ದಾರ ಹರಿದು ಹೂಗಳು ಒಂದೊಂದಾಗಿ ಅವನ ತಲೆಯ ಮೇಲೆ, ಭುಜದ ಮೇಲೆ, ಎಣ್ಣೆ ಡಬ್ಬಿಯೊಳಗೆ ಉದುರಿದವು.

ಕೆಳಗೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಪ್ರೇಮಲೀಲಾ ಮೇಲೆ ನೋಡಿ ನಕ್ಕಳು. "ಅಪ್ಪಾ, ದೇವರ ಪ್ರಸಾದ ಆದಂಗಾಯ್ತು ಕಣೋ!"

ಅವನಿಗೆ ಒಂಬತ್ತು ಮೆಟ್ಟಿಲು ಇಳಿಯುವುದು ಅಂದು ಬಹಳ ಹೊತ್ತು ಹಿಡಿಯಿತು.

ನೇರವಾಗಿ ಸದಾಶಿವಯ್ಯನವರ ಹತ್ತಿರ ಹೋದ. ತಲೆಯಲ್ಲಿನ್ನೂ ಎರಡು ಮಲ್ಲಿಗೆಯಿತ್ತು. ಜಾಲರಿಯ ಮಾತು ಎತ್ತಿದ. ಅವರು, "ನೋಡೋಣ ಅಂದೆನಲ್ಲಯ್ಯ. ಈಗ ಅದಿರಲಿ. ಕಾರ್ತಿಕದಲ್ಲಿ ಇನ್‌ಸ್ಪೆಕ್ಟರು ಬರ್ತಾರೆ. ನಮ್ಮ ನೆಂಟರು, ಪೇಟೆಯವರು ನಾಲ್ಕು ಜನಾನೂ ಕರೀತೀನಿ. ಇನ್ನೊಂದು ಆಟ ಆಗ್ಲಿ. ಈ ಸಲ ನಿನಗೆ ಇನಾಮುಂಟು," ಎಂದರು.

ಇನಾಮು ಏನೆಂದು ಚಿಕ್ಕಣ್ಣ ಮೂರೇ ದಿನದಲ್ಲಿ ಪತ್ತೆಹಚ್ಚಿಕೊಂಡು ಬಂದ. ಅವನು ಅಶೋಕ ರಸ್ತೆಯ ಅಕ್ಕಸಾಲಿಯ ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದ. "ಅಣ್ಣಾ, ಬೆಳ್ಳಿ ಪದಕ! ಇಷ್ಟಗಲ ಐತೆ. 'ಸ್ತ್ರೀಪಾತ್ರ ನಿಪುಣ ಸಿದ್ದಮಲ್ಲಪ್ಪ' ಅಂತ ನಿನ್ ಹೆಸರನ್ನೇ ಕೆತ್ತವ್ರೆ. ಓದ್ಸಿಕೊಂಡು ಬಂದೆ."

ಸಿದ್ದಮಲ್ಲಪ್ಪ "ಹೌದಾ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ನಿಪುಣಾನಾ, ಪ್ರವೀಣಾನಾ?" ಎಂದು ಕೇಳಿದ.

"ನಿಪುಣ."

"ಹೌದಾ," ಎಂದು ಮತ್ತೆ ಹೇಳಿ ಎಣ್ಣೆ ಹಾಕಲು ಹೋದ.

ಆಟದ ಹಿಂದಿನ ಭಾನುವಾರ ಮಧ್ಯಾಹ್ನ ಅವನು ಮನೆಯ ಹೊಸ್ತಿಲ ಬಳಿ ಕೂತು ಒಂದು ಹಾಳೆಯಲ್ಲಿ ಬರೆಯತೊಡಗಿದ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಪಾರ್ವತಮ್ಮ ಅಕ್ಕಿ ಆರಿಸುತ್ತ ನೋಡಿದಳು.

"ಏನ್ರೀ ಅದು, ಹಾಡಾ?"

"ಮಾತು."

"ಯಾರ ಮಾತು?"

"ಯಜಮಾನ್ರದ್ದು," ಎಂದ.

ಆಟದ ಬೆಳಗ್ಗೆ ಅದನ್ನು ನಾಲ್ಕು ಮಡಿಕೆ ಮಾಡಿ ಮಹದೇವಪ್ಪನವರಿಗೆ ಕೊಟ್ಟ. "ರೈಟ್ರೇ, ಇನಾಮಿನ ಕಾಗದ. ಕಂಪನಿ ಪದ್ಧತೀಲಿ ಬರ್ದಿದ್ದೀನಿ. ನಾನು ಎರಡನೇ ಸಲ ಬಿದ್ದ ಮೇಲೆ ಬಂದು ಓದ್ಬುಡಿ."

"ಗಟ್ಟಿಯಾಗಿ ತಾನೆ?"

"ಗಟ್ಟಿಯಾಗಿ."

ಮಹದೇವಪ್ಪನವರು ಅದನ್ನು ಬಿಡಿಸಿ ನೋಡದೆ ಕೋಟಿನ ಜೇಬಿಗಿಟ್ಟುಕೊಂಡರು. ಓದುವ ಹೊತ್ತಿಗೆ ಮೊದಲು ಕಾಗದ ಓದುವ ಅಭ್ಯಾಸ ಅವರಿಗಿರಲಿಲ್ಲ.

ಕಾರ್ತಿಕದ ಆ ಸಂಜೆ ಮುಂದಿನ ಸಾಲಿನಲ್ಲಿ ಕುರ್ಚಿಗಳಿದ್ದವು. ನಡುವೆ ಜರಿ ಪೇಟ ಸುತ್ತಿದ ಸದಾಶಿವಯ್ಯನವರು, ಪಕ್ಕದಲ್ಲಿ ಇನ್‌ಸ್ಪೆಕ್ಟರು, ಆಚೀಚೆ ಪೇಟೆಯ ಹಿರಿಯರು. ಸದಾಶಿವಯ್ಯನವರ ಮಡಿಲಲ್ಲಿ ಕೆಂಪು ಮಖಮಲ್ಲಿನ ಒಂದು ಚಿಕ್ಕ ಡಬ್ಬಿಯಿತ್ತು. ರೇಷ್ಮಾವತಿ ರಂಗಕ್ಕೆ ಬರುವಾಗಲೇ ಅದನ್ನು ನೋಡಿದಳು. ಒಂದು ಹೆಜ್ಜೆ ತಪ್ಪಿತು; ನೋಡುವವರು ಅದೂ ಅಭಿನಯವೆಂದುಕೊಂಡರು.

ಜಡೆ ಮೇಲೇರಿತು. ಅವಳು ಬಿದ್ದಳು. ಒನ್ಸ್ ಮೋರ್ ಬಂತು. ಎದ್ದಳು, ಮುಡಿದಳು, ಬಿದ್ದಳು. ಚಪ್ಪಾಳೆಯ ನಡುವೆ ಮಹದೇವಪ್ಪನವರು ಗಂಟಲು ಸರಿಮಾಡಿಕೊಂಡು ಮುಂದೆ ಬಂದು ಕಾಗದ ಬಿಡಿಸಿದರು. ಸದಾಶಿವಯ್ಯನವರು ಡಬ್ಬಿ ಹಿಡಿದು ಏಳಲು ಸಿದ್ಧರಾದರು. ರೇಷ್ಮಾವತಿ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮೂರನೇ ಸಾಲಿನಲ್ಲಿ ಪ್ರೇಮಲೀಲಾ ಜಡೆಯನ್ನು ಮುಂದಕ್ಕೆ ತಂದು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

"ಮಹಾಜನಗಳೇ!" ಎಂದು ಮಹದೇವಪ್ಪನವರು ಓದಿದರು. "ಕಲಾಪೋಷಕರೂ, ದೀನಬಂಧುಗಳೂ, ವರ್ತಕ ಶಿರೋಮಣಿಗಳೂ ಆದ ಶ್ರೀಮಾನ್ ಸದಾಶಿವಯ್ಯನವರು ಈ ಆಟವನ್ನು ಕಂಡು ಮನಕರಗಿ, ತಮ್ಮ ಕಾರ್ಖಾನೆಯ ಆರು ಬೆಲ್ಟುಗಳಿಗೂ, ನೆಲದಿಂದ ಆಳೆತ್ತರದವರೆಗೆ, ಗಟ್ಟಿಯಾದ ಕಬ್ಬಿಣದ ತಂತಿಯ ಜಾಲರಿಯನ್ನು, ಇದೇ ಕಾರ್ತಿಕ ಮಾಸ ಮುಗಿಯುವುದರೊಳಗೆ, ರೇಷ್ಮಾವತಿಗೆ ಇನಾಮಾಗಿ ದಯಪಾಲಿಸಿದ್ದಾರೆಂದು ತಿಳಿಸಲು ಹರ್ಷಿಸುತ್ತೇವೆ!"

ಒಂದಕ್ಷರ ತಪ್ಪಲಿಲ್ಲ. ಹರ್ಷಿಸುತ್ತೇವೆ ಎಂದ ಮೇಲೆ ಮಹದೇವಪ್ಪನವರಿಗೆ ತಾವು ಓದಿದ್ದು ತಲುಪಿತು. ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಏನೂ ಇರಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದವರು ಹೆಂಗಸರು. ಮಂಗಳಮ್ಮ ಎಡಗೈಯಿಂದ ತೊಡೆ ತಟ್ಟಿದಳು. ಆಮೇಲೆ ಪೇಟೆಯ ಹಿರಿಯರು ತಟ್ಟಿದರು, ಇನಾಮಿಗೆ ತಟ್ಟುವುದು ಪದ್ಧತಿಯೆಂದು. ಇನ್‌ಸ್ಪೆಕ್ಟರು ಪುಸ್ತಕ ತೆಗೆದು, "ಬಹಳ ಸಂತೋಷ ಸ್ವಾಮಿ. ಆರಕ್ಕೂ ಅಂದರಲ್ಲವೇ?" ಎಂದು ಬರೆದುಕೊಂಡರು.

ಸದಾಶಿವಯ್ಯನವರು ಅರ್ಧ ಎದ್ದವರು ಹಾಗೇ ಇದ್ದರು. ಕೈಯಲ್ಲಿ ಕೆಂಪು ಡಬ್ಬಿ. ಅವರು ಮಹದೇವಪ್ಪನವರನ್ನು ನೋಡಿದರು. ಮಹದೇವಪ್ಪನವರು ಮಾಡಿನ ಶಾಫ್ಟು ನೋಡುತ್ತಿದ್ದರು. ಸದಾಶಿವಯ್ಯನವರು ಸತ್ತ ರೇಷ್ಮಾವತಿಯನ್ನು ನೋಡಿದರು. ಅವಳ ಒಂದು ಕಣ್ಣು ತೆರೆದಿತ್ತು. ಚಪ್ಪಾಳೆ ನಿಂತಿತು. ಅವರೀಗ ಏನು ಹೇಳುತ್ತಾರೋ ಎಂದು ನಲವತ್ತು ಜನ ಕಾದರು.

"ಒನ್ಸ್ ಮೋರ್," ಎಂದರು ಸದಾಶಿವಯ್ಯನವರು.

ಯಾರಿಗೂ ಅರ್ಥವಾಗಲಿಲ್ಲ. ಅವರು ಕೈಯಿಂದ ಕಾಗದ ತೋರಿಸಿದರು. "ಇನ್ನೊಂದ್ಸಲ ಓದಿ ರೈಟ್ರೇ. ಆ ವರ್ತಕ ಶಿರೋಮಣಿ ಅನ್ನೋದು ನಮ್ಮ ನೆಂಟ್ರಿಗೆ ಸರಿಯಾಗಿ ಕೇಳ್ಲಿಲ್ಲ."

ಮಹದೇವಪ್ಪನವರು ಮತ್ತೆ ಓದಿದರು. ಈ ಸಲವೂ ಒಂದಕ್ಷರ ತಪ್ಪಲಿಲ್ಲ. ಸದಾಶಿವಯ್ಯನವರು ಪೂರ್ತಿ ಎದ್ದುನಿಂತು, ನಾಲ್ಕೂ ಕಡೆ ತಿರುಗಿ ಕೈಮುಗಿದರು. ಆಮೇಲೆ ಮಖಮಲ್ಲಿನ ಡಬ್ಬಿಯನ್ನು ಕೋಟಿನ ಒಳಜೇಬಿಗೆ ಇಳಿಸಿ, ರಂಗದ ಕಡೆ ಬಾಗಿ ಹೇಳಿದರು.

"ಒಂದಾಟಕ್ಕೆ ಎರಡು ಇನಾಮು ಕೊಡೋ ಪದ್ಧತಿ ಇಲ್ಲ. ಅಲ್ವೇನಯ್ಯಾ?"

"ಇಲ್ಲ ಯಜಮಾನ್ರೇ," ಎಂದಳು ರೇಷ್ಮಾವತಿ, ಎದ್ದು ಕೈಮುಗಿದು, ನಾಯಕಿಯ ದನಿಯಲ್ಲೇ. ಮತ್ತೆ ಮಲಗಿ ಸತ್ತಳು.

ಮನೆಗೆ ನಡೆಯುವಾಗ ಪ್ರೇಮಲೀಲಾ ಅಪ್ಪನ ಪಕ್ಕದಲ್ಲೇ ಬಂದಳು. ಅವನ ಮುಖದಲ್ಲಿ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಅಪ್ಪಾ, ಆ ಕಾಗದ ಬರ್ದಿದ್ದು ನೀನು ಅಂತಾವ್ನೆ ಚಿಕ್ಕಣ್ಣ. ನಿಜಾನಾ?"

"ಹೂಂ."

"ನಿನ್ ಹೆಸರು ಕೆತ್ತಿದ್ರಂತಲ್ಲ. ನಿನಗೇನು ಅನ್ನಿಸ್ಲಿಲ್ವಾ?"

"ಅನ್ನಿಸ್ತು," ಎಂದ. "ಪ್ರವೀಣ ಅಂತ ಕೆತ್ತಿಸ್ಬೇಕಾಗಿತ್ತು."

ಜಾಲರಿ ಕಾರ್ತಿಕದಲ್ಲಿ ಬರಲಿಲ್ಲ. ಮಾರ್ಗಶಿರದಲ್ಲಿ ಬಂತು, ಅದೂ ಇನ್‌ಸ್ಪೆಕ್ಟರ ಒಂದು ಕಾಗದ ಬಂದು, ಅದನ್ನು ಮಹದೇವಪ್ಪನವರು ಗಟ್ಟಿಯಾಗಿ ಓದಿದ ಮೇಲೆ. ಬನ್ನಿಮಂಟಪದ ಕಡೆಯ ಒಬ್ಬ ಕೆಲಸಗಾರ ಆರು ಪಂಜರಗಳನ್ನು ಎತ್ತಿನ ಗಾಡಿಯಲ್ಲಿ ತಂದು ನಿಲ್ಲಿಸಿದ. ಪ್ರತಿಯೊಂದಕ್ಕೂ ಒಂದು ಬಾಗಿಲು, ಬಾಗಿಲಿಗೆ ಎಂಟು ತಿರುಪು. ನಾಲ್ಕನೆಯದನ್ನು ಸಿದ್ದಮಲ್ಲಪ್ಪನೇ ನಿಂತು ಕೂರಿಸಿದ. ಕೂರಿಸಿದ ಮೇಲೆ ಬೆರಳನ್ನು, ಆಮೇಲೆ ಸೆರಗಿನ ತುದಿಯಷ್ಟು ಬಟ್ಟೆಯನ್ನು, ಆಮೇಲೆ ಮನೆಯಿಂದ ತಂದಿದ್ದ ಚೌರಿಯ ತುದಿಯನ್ನು ತಂತಿಯ ಕಣ್ಣುಗಳಲ್ಲಿ ತೂರಿಸಲು ನೋಡಿದ. ಯಾವುದೂ ತೂರಲಿಲ್ಲ.

ಮರುದಿನ ಮೋಟಾರು ಶುರುವಾಯಿತು. ಪ್ರೇಮಲೀಲಾ ಎಂದಿನ ಹಾಗೆ ಜಡೆ ಇಳಿಬಿಟ್ಟು, ಮೊಳ ಮಲ್ಲಿಗೆ ಮುಡಿದು ಬಂದು ತನ್ನ ಜಾಗದಲ್ಲಿ ಕೂತಳು. ಯಾರು ಹೇಳಿದರೂ ಅವಳು ತುರುಬು ಕಟ್ಟಲಿಲ್ಲ. ಅವಳ ಜಡೆ ಜಾಲರಿಗೆ ತಾಗುತ್ತಿತ್ತು, ಜಾರುತ್ತಿತ್ತು. ಒಳಗೆ ಬೆಲ್ಟು ತನ್ನ ಪಾಡಿಗೆ ಓಡುತ್ತಿತ್ತು.

ಸಿದ್ದಮಲ್ಲಪ್ಪನಿಗೆ ಮಾತ್ರ ಕೆಲಸ ಹೆಚ್ಚಿತು. ಕೆಳಗಿನ ಗಾಲಿಗೆ ಎಣ್ಣೆ ಹಾಕಬೇಕಾದರೆ ಮೋಟಾರು ನಿಲ್ಲಿಸಿ, ಎಂಟು ತಿರುಪು ಬಿಚ್ಚಿ, ಬಾಗಿಲು ತೆಗೆದು, ಎಣ್ಣೆ ಬಿಟ್ಟು, ಬಾಗಿಲು ಹಾಕಿ, ಮತ್ತೆ ಎಂಟನ್ನೂ ಬಿಗಿ ಮಾಡಬೇಕು. ಆರು ಬೆಲ್ಟಿಗೆ ಅರ್ಧ ಬೆಳಗ್ಗೆಯೇ ಬೇಕಾಗುತ್ತಿತ್ತು. ಹತ್ತೂವರೆಗೆ ಮಹದೇವಪ್ಪನವರು ಗಡಿಯಾರ ಹಿಡಿದುಕೊಂಡು ಬಂದು ನಿಂತರು.

"ಏನಯ್ಯಾ ಇದು, ಇನ್ನೂ ನಾಲ್ಕನೇದರಲ್ಲೇ ಇದ್ದೀಯ? ಯಾರಿಗೆ ಬೇಕಾಗಿತ್ತು ಈ ಪಂಜರ?"

ಸಿದ್ದಮಲ್ಲಪ್ಪನ ಬಾಯಲ್ಲಿ ಮೂರು ತಿರುಪುಗಳಿದ್ದವು. ಅವುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ. ಮೂಗಿನ ಕೆಳಗೆ ಮೀಸೆ ಆಗಲೇ ಕಪ್ಪಾಗಿ ಕಾಣತೊಡಗಿತ್ತು.

"ಯಜಮಾನ್ರು ದಯಪಾಲಿಸಿದ್ದು ರೈಟ್ರೇ. ಬೇಡ ಅನ್ನೋಕಾಗ್ತದಾ?" ಎಂದು ಹೇಳಿ, ಎಂಟನೆಯ ತಿರುಪನ್ನೂ ಬಿಗಿ ಮಾಡಿ, ಕೈಯಿಂದ ಒಮ್ಮೆ ಎಳೆದು ನೋಡಿ, ಐದನೆಯದಕ್ಕೆ ಹೋದ.